ಹಾಜರಿ ಎಂದರೇನು? ಟೆಲಿಪ್ರೆಸೆನ್ಸ್ ರೋಬೋಟ್‌ಗಳ ಬಗ್ಗೆ ಒಂದು ಪಾಠ



ಬೆಳಿಗ್ಗೆ ಮೊದಲ ಪೀರಿಯಡ್‌ನಲ್ಲಿ ರಿಜಿಸ್ಟರ್ ತೆರೆದ ಕೂಡಲೇ ಶುರುವಾಗುವುದು ಹಾಜರಿ. ಉರ್ದು ಮಾತಾಡುವ ನಮ್ಮಂಥ ಮನೆಗಳಲ್ಲಿ ಈ ಪದವನ್ನು ಯಾರೂ ಹೊಸದಾಗಿ ಕಲಿಯಬೇಕಿಲ್ಲ. ಮನೆಯಲ್ಲಿ ಹಾಜಿರ್, ಕಾಲೇಜಿನಲ್ಲಿ ಹಾಜರಿ, ಬರದಿದ್ದರೆ ಗೈರುಹಾಜರಿ. ಅರಬ್ಬಿಯಿಂದ ಹೊರಟು ಫಾರ್ಸಿ, ಉರ್ದು ದಾಟಿ ಕನ್ನಡದ ಕಚೇರಿ ಕಡತದೊಳಗೆ ಬಂದು ಕುಳಿತ ಪದ ಇದು. ಅರ್ಥ ಒಂದೇ: ಮನುಷ್ಯ ಇಲ್ಲಿದ್ದಾನೆ, ನಮ್ಮ ಎದುರಿಗಿದ್ದಾನೆ.

ಆದರೆ ಒಬ್ಬರು ಮನೆಯಲ್ಲಿ ಮಂಚದ ಮೇಲೆ ಮಲಗಿಕೊಂಡೋ ಶಾರ್ಜಾದ ಒಂದು ಕೋಣೆಯಲ್ಲಿ ಕುಳಿತುಕೊಂಡೋ ಇಲ್ಲಿಯ ಕೋಣೆಯೊಳಗೆ ನೋಡುತ್ತ, ಮಾತಾಡುತ್ತ, ಬೇಕಾದ ಕಡೆ ತಿರುಗುತ್ತ ಇದ್ದರೆ ಅವರನ್ನು ಹಾಜರ್ ಅನ್ನಬೇಕೋ ಗೈರುಹಾಜರ್ ಅನ್ನಬೇಕೋ? ಟೆಲಿಪ್ರೆಸೆನ್ಸ್ ರೋಬೋಟ್ ಎಂಬ ಯಂತ್ರ ಈ ಪ್ರಶ್ನೆಯನ್ನು ಎತ್ತುತ್ತದೆ. ನಾನು ಕಾಮರ್ಸ್ ವಿದ್ಯಾರ್ಥಿ. ಯಂತ್ರದ ಒಳಗನ್ನು ಎಷ್ಟು ಬೇಕೋ ಅಷ್ಟೇ ಹೇಳಿ, ಅದರ ಲೆಕ್ಕಪತ್ರವನ್ನು ಸ್ವಲ್ಪ ಹೆಚ್ಚಾಗಿ ನೋಡುತ್ತೇನೆ.

ಯಂತ್ರ ಯಾವುದು, ಯಾವುದು ಅಲ್ಲ

ಟೆಲಿ ಎಂದರೆ ದೂರ, ಪ್ರೆಸೆನ್ಸ್ ಎಂದರೆ ಇರುವಿಕೆ. 1980ರಲ್ಲಿ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಮಾರ್ವಿನ್ ಮಿನ್ಸ್ಕಿ ಓಮ್ನಿ ಎಂಬ ಪತ್ರಿಕೆಯಲ್ಲಿ ಈ ಹೆಸರಿನ ಲೇಖನ ಬರೆದರು. ಅವರ ಮನಸ್ಸಿನಲ್ಲಿದ್ದದ್ದು ಕೆಲಸ. ಅಣುಸ್ಥಾವರದಂಥ ಅಪಾಯದ ಜಾಗಕ್ಕೆ ಮನುಷ್ಯ ಹೋಗದೆ, ದೂರದಲ್ಲಿ ಕುಳಿತು, ತನ್ನ ಕೈ ಆಡಿದಂತೆ ಅಲ್ಲಿಯ ಯಂತ್ರದ ಕೈ ಆಡುವಂತೆ ಮಾಡುವುದು. ನೆಂಟರ ಮನೆಗೆ ಹೋಗಲು, ತರಗತಿಯಲ್ಲಿ ಕೂರಲು, ರೋಗಿಯನ್ನು ನೋಡಿ ಬರಲು ಇದೇ ಉಪಾಯವನ್ನು ಬಳಸಬಹುದು ಎಂಬುದು ಆಮೇಲೆ ಬಂದ ಆಲೋಚನೆ.

ಈಗ ಸಾಮಾನ್ಯವಾಗಿ ಸಿಗುವ ಯಂತ್ರ ನೋಡಲು ಬಹಳ ಸರಳ. ಕೆಳಗೆ ಚಕ್ರ ಮತ್ತು ಬ್ಯಾಟರಿ, ನಡುವೆ ಒಂದು ಕಂಬ, ಮೇಲೆ ಟ್ಯಾಬ್ಲೆಟ್‌ನಂಥ ಪರದೆ. ಅದರ ಜೊತೆಗೆ ಕ್ಯಾಮೆರಾ, ಮೈಕ್, ಸ್ಪೀಕರ್. ದೂರದಲ್ಲಿರುವವರು ತಮ್ಮ ಲ್ಯಾಪ್‌ಟಾಪ್ ಅಥವಾ ಫೋನಿನಲ್ಲಿ ಬಾಣದ ಗುರುತು ಒತ್ತಿದರೆ ಯಂತ್ರ ಮುಂದೆ ಹೋಗುತ್ತದೆ, ತಿರುಗುತ್ತದೆ, ನಿಲ್ಲುತ್ತದೆ. ಅವರ ಮುಖ ಪರದೆಯ ಮೇಲೆ ಕಾಣುತ್ತದೆ. ಗೋಡೆಗೆ ಬಡಿಯದಂತೆ ಸೆನ್ಸರ್‌ಗಳಿರುತ್ತವೆ. ಕೆಲಸ ಮುಗಿದ ಮೇಲೆ ಚಾರ್ಜಿಂಗ್ ಜಾಗಕ್ಕೆ ಹೋಗಿ ನಿಲ್ಲುತ್ತದೆ. ಅಮೆರಿಕದ ಡಬಲ್ ರೋಬೋಟಿಕ್ಸ್ ಕಂಪನಿ ಎರಡೇ ಚಕ್ರದ ಮೇಲೆ ತಾನೇ ಸಮತೋಲನ ಮಾಡಿಕೊಂಡು ನಿಲ್ಲುವಂಥದ್ದನ್ನು ಮಾಡಿತು. 2014ರಲ್ಲಿ ರಷ್ಯಾದಲ್ಲಿ ಆಶ್ರಯ ಪಡೆದಿದ್ದ ಎಡ್ವರ್ಡ್ ಸ್ನೋಡೆನ್ ಕೆನಡಾದ ವ್ಯಾಂಕೂವರ್‌ನ ವೇದಿಕೆಯೊಂದರ ಮೇಲೆ ಉರುಳಿಕೊಂಡು ಬಂದು ಮಾತಾಡಿದ್ದು ಬೀಮ್ ಎಂಬ ಇಂಥದೇ ಯಂತ್ರದಲ್ಲಿ.

ಒಂದು ಗೊಂದಲವನ್ನು ಇಲ್ಲಿಯೇ ಬಿಡಿಸಿಕೊಳ್ಳಬೇಕು. ಇದು ತಾನೇ ಯೋಚಿಸಿ ಮಾತಾಡುವ ರೋಬೋಟ್ ಅಲ್ಲ. ಸೂತ್ರದ ಬೊಂಬೆಯಾಟವನ್ನು ನೆನಪಿಸಿಕೊಳ್ಳಿ. ಬೊಂಬೆ ಕುಣಿಯುತ್ತದೆ, ಕುಣಿಸುವವನು ಪರದೆಯ ಹಿಂದೆ ಇರುತ್ತಾನೆ. ಇಲ್ಲಿ ಪರದೆಯ ಹಿಂದಿನವರು ನೂರಾರು, ಸಾವಿರಾರು ಕಿಲೋಮೀಟರ್ ದೂರದಲ್ಲಿದ್ದಾರೆ, ಆದರೆ ಮಾತು ಅವರದೇ, ನಗು ಅವರದೇ.

ಹಾಗಾದರೆ ವಿಡಿಯೋ ಕಾಲ್‌ಗೂ ಇದಕ್ಕೂ ಏನು ವ್ಯತ್ಯಾಸ ಎಂದು ನೀವು ಕೇಳಬಹುದು. ವಿಡಿಯೋ ಕಾಲ್‌ನಲ್ಲಿ ಏನು ಕಾಣಬೇಕು ಎಂಬುದನ್ನು ನಿರ್ಧರಿಸುವವರು ಫೋನ್ ಹಿಡಿದವರು. ಇಲ್ಲಿ ಅದನ್ನು ನಿರ್ಧರಿಸುವವರು ನೋಡುವವರು. ಇಡೀ ವಿಷಯ ಇಷ್ಟೇ, ಮಿಕ್ಕಿದ್ದೆಲ್ಲ ಇದರ ವಿಸ್ತರಣೆ.

ನಮ್ಮ ನಾನಿಗೆ ಮೊಣಕಾಲು ನೋವು, ಮೆಟ್ಟಿಲು ಹತ್ತಲಾಗುವುದಿಲ್ಲ. ಹೋದ ವರ್ಷ ಮನೆತನದಲ್ಲಿ ಒಂದು ಶಾದಿ ಇತ್ತು, ಮಹಲ್ ಮೊದಲ ಮಹಡಿಯಲ್ಲಿ. ಅವರನ್ನು ಮನೆಯಲ್ಲಿ ಕೂರಿಸಿ ವಿಡಿಯೋ ಕಾಲ್ ಹಚ್ಚಿದೆವು. ಫೋನ್ ಕೈಯಿಂದ ಕೈಗೆ ಹೋಯಿತು. ಎಲ್ಲರೂ ಸಲಾಂ ಹೇಳಿದರು, ಒಬ್ಬೊಬ್ಬರಿಗೂ ಹತ್ತು ಸೆಕೆಂಡು. ದುಲ್ಹನ್ ಪಕ್ಕ ಸ್ವಲ್ಪ ಹೊತ್ತು ಇರಬೇಕು ಎಂದು ನಾನಿ ಹೇಳುತ್ತಲೇ ಇದ್ದರು. ಬ್ಯಾಂಡಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಕೊನೆಗೆ ಫೋನ್ ಯಾರದೋ ಪರ್ಸಿನೊಳಗೆ ಹೋಯಿತು. ನಾನಿ ಹದಿನೈದು ನಿಮಿಷ ಕತ್ತಲೆಯನ್ನೇ ನೋಡುತ್ತ ಕುಳಿತಿದ್ದರು. ಕಟ್ ಮಾಡಿದರೆ ಮತ್ತೆ ಯಾರೂ ಎತ್ತಲಿಕ್ಕಿಲ್ಲ ಎಂದು ಕಟ್ ಮಾಡಲಿಲ್ಲವಂತೆ. ಅಲ್ಲಿ ಚಕ್ರದ ಯಂತ್ರ ಇದ್ದಿದ್ದರೆ ಅದು ಯಾರ ಪರ್ಸಿನಲ್ಲೂ ಹಿಡಿಯುತ್ತಿರಲಿಲ್ಲ!

ದೂರದ ಲೆಕ್ಕ, ಸರಗೂರಿನ ಪಾಠ

ಮಾತುಕತೆಗೆ ದೊಡ್ಡ ಶತ್ರು ತಡ. ನಾನು ಕೇಳಿದ ಪ್ರಶ್ನೆಗೆ ನಿಮ್ಮ ಮುಖ ಒಂದು ಕ್ಷಣ ಕಲ್ಲಿನಂತಿದ್ದು ಆಮೇಲೆ ನಕ್ಕರೆ, ನಿಮಗೆ ಬೇಸರವಾಗಿದೆ ಎಂದು ನಾನು ತಿಳಿದುಕೊಳ್ಳುತ್ತೇನೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನ ಪ್ರಕಾರ ಒಂದು ಕಡೆಯ ತಡ 150 ಮಿಲಿಸೆಕೆಂಡ್ ಒಳಗಿದ್ದರೆ ಮಾತು ಸಹಜವಾಗಿರುತ್ತದೆ, 400 ದಾಟಬಾರದು.

ನಮ್ಮ ಜಿಲ್ಲೆಯಲ್ಲೇ ಇದರ ಹಳೆಯ ಉದಾಹರಣೆ ಇದೆ. 2002ರಲ್ಲಿ ಇಸ್ರೋ ಉಪಗ್ರಹದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯವನ್ನು ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗೂ ಸರಗೂರಿನ ವಿವೇಕಾನಂದ ಮೆಮೋರಿಯಲ್ ಆಸ್ಪತ್ರೆಗೂ ಜೋಡಿಸಿತು. ಕಾಡಂಚಿನ ಊರಿನ ರೋಗಿಯನ್ನು ಬೆಂಗಳೂರಿನ ಹೃದಯ ತಜ್ಞರು ಪರದೆಯ ಮೇಲೆ ನೋಡಿ, ಇಸಿಜಿ ತರಿಸಿಕೊಂಡು ಸಲಹೆ ಕೊಡುವ ವ್ಯವಸ್ಥೆ ಅದು. ಅಂಥ ಉಪಗ್ರಹ ಭೂಮಿಯಿಂದ ಸುಮಾರು 36,000 ಕಿ.ಮೀ. ಮೇಲಿರುತ್ತದೆ. ಮಾತು ಮೇಲೆ ಹೋಗಿ ಕೆಳಗೆ ಬರಲು 72,000 ಕಿ.ಮೀ. ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿ.ಮೀ. ಭಾಗಿಸಿದರೆ 0.24 ಸೆಕೆಂಡ್. ಪ್ರಶ್ನೆ ಹೋಗಿ ಉತ್ತರ ಬರುವಷ್ಟರಲ್ಲಿ ಹತ್ತಿರಹತ್ತಿರ ಅರ್ಧ ಸೆಕೆಂಡ್. ಡಾಕ್ಟರ್ ಸಲಹೆಗೆ ಇದು ಸಾಕು. ಮಾತಾಡುತ್ತ ಮಾತಾಡುತ್ತ ಒಟ್ಟಿಗೆ ನಗಲು ಸಾಕಾಗುವುದಿಲ್ಲ. ದೂರದಿಂದ ಚಕ್ರ ಓಡಿಸಲಂತೂ ಕಷ್ಟ. ಬಾಗಿಲು ಕಂಡು ಬ್ರೇಕ್ ಒತ್ತುವಷ್ಟರಲ್ಲಿ ಬಾಗಿಲಿಗೆ ಬಡಿದಿರುತ್ತದೆ.

ಈಗ ಫೈಬರ್ ಕೇಬಲ್ ಬಂದಿದೆ. ಮೈಸೂರಿನಿಂದ ದುಬೈಗೆ ನೇರ ದೂರ ಸುಮಾರು 2,700 ಕಿ.ಮೀ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಅಂದರೆ 0.0135 ಸೆಕೆಂಡ್. ಕೇಬಲ್ ನೇರವಾಗಿ ಹೋಗುವುದಿಲ್ಲ, ನಡುವೆ ಹಲವು ಯಂತ್ರಗಳನ್ನು ದಾಟುತ್ತದೆ, ಆದ್ದರಿಂದ ನಿಜವಾದ ತಡ ಇದರ ಕೆಲವು ಪಟ್ಟು. ಆದರೂ ಮಿತಿಯೊಳಗೇ ಇರುತ್ತದೆ. ತೊಂದರೆ ಇರುವುದು ಸಮುದ್ರದಲ್ಲಲ್ಲ, ನಮ್ಮ ಬೀದಿಯಲ್ಲಿ, ಮನೆಯೊಳಗಿನ ವೈಫೈನಲ್ಲಿ, ಕರೆಂಟಿನಲ್ಲಿ.

ನಮ್ಮ ಊರಿನಲ್ಲೇ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಅಂದರೆ ನಾವೆಲ್ಲ ಸ್ಪೀಚ್ ಅಂಡ್ ಹಿಯರಿಂಗ್ ಎಂದು ಕರೆಯುವ ಸಂಸ್ಥೆ, ದೂರದ ಊರಿನವರಿಗೆ ವಿಡಿಯೋ ಮೂಲಕ ಮಾತಿನ ತರಬೇತಿ ಕೊಡುತ್ತದೆ. ಚಕ್ರ ಇಲ್ಲದ ಟೆಲಿಪ್ರೆಸೆನ್ಸ್ ಎಂದು ಅದನ್ನು ಕರೆಯಬಹುದು.

2020: ಮಿತ್ರ ವಾರ್ಡಿಗೆ ಬಂದದ್ದು

ಕರ್ನಾಟಕದಲ್ಲಿ ಹುಟ್ಟಿದ ಇಂಥ ಯಂತ್ರದ ಹೆಸರು ಮಿತ್ರ. ಮಾಡಿದ್ದು ಬೆಂಗಳೂರಿನ ಇನ್ವೆಂಟೊ ರೋಬೋಟಿಕ್ಸ್. 2017ರ ನವೆಂಬರ್‌ನಲ್ಲಿ ಹೈದರಾಬಾದಿನ ಜಾಗತಿಕ ಉದ್ಯಮಶೀಲತಾ ಶೃಂಗಸಭೆಯಲ್ಲಿ ಪ್ರಧಾನಿ ನರೇಂದ್ರ ಮೋದಿ ಮತ್ತು ಇವಾಂಕಾ ಟ್ರಂಪ್ ಅವರನ್ನು ಸ್ವಾಗತಿಸಿದ್ದು ಇದೇ. ಆಗ ಅದು ಬಂದವರನ್ನು ಮಾತಾಡಿಸುವ, ದಾರಿ ತೋರಿಸುವ ಯಂತ್ರ. ಎದೆಯ ಮೇಲೊಂದು ಟ್ಯಾಬ್ಲೆಟ್.

ಕೊರೊನಾ ಬಂದಾಗ ಅದರ ಕೆಲಸ ಬದಲಾಯಿತು. 2020ರಲ್ಲಿ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಫೋರ್ಟಿಸ್ ಆಸ್ಪತ್ರೆಯ ಬಾಗಿಲಲ್ಲಿ ಮಿತ್ರ ನಿಂತು ಬಂದವರ ಜ್ವರ ನೋಡುತ್ತಿತ್ತು, ಪ್ರಶ್ನೆ ಕೇಳುತ್ತಿತ್ತು. ಅನುಮಾನ ಬಂದವರು ಇನ್ನೊಂದು ಯಂತ್ರದ ಮೂಲಕ ಡಾಕ್ಟರ್ ಜೊತೆ ಮಾತಾಡಬಹುದಿತ್ತು. ಅದೇ ವರ್ಷ ನೋಯ್ಡಾದ ಯಥಾರ್ಥ್ ಆಸ್ಪತ್ರೆಯಲ್ಲಿ ಮಿತ್ರ ಐಸಿಯು ಒಳಗೆ ಹಾಸಿಗೆಯಿಂದ ಹಾಸಿಗೆಗೆ ಹೋಗಿ, ಒಳಗೆ ಬರಲಾಗದ ಮನೆಯವರನ್ನು ರೋಗಿಯ ಜೊತೆ ಮಾತಾಡಿಸಿತು. ಪಕ್ಕದ ಕೇರಳದಲ್ಲಿ ಅಸಿಮೋವ್ ರೋಬೋಟಿಕ್ಸ್‌ನವರ ಕರ್ಮಿ-ಬಾಟ್ ಎರ್ನಾಕುಲಂ ಮೆಡಿಕಲ್ ಕಾಲೇಜಿನಲ್ಲಿ ಊಟ, ಔಷಧಿ ಹೊತ್ತುಕೊಂಡು ಹೋಗುವುದರ ಜೊತೆಗೆ ಡಾಕ್ಟರ್ ಮತ್ತು ರೋಗಿಯ ವಿಡಿಯೋ ಮಾತಿಗೂ ನೆರವಾಯಿತು.

ಆ ವರ್ಷ ನಾನು ಏಳನೇ ತರಗತಿ. ನಮ್ಮ ನಾನಾ ಒಂದು ಆಸ್ಪತ್ರೆಯಲ್ಲಿದ್ದರು. ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಅದು ಆಗಿನ ನಿಯಮ, ತಪ್ಪೆಂದು ನಾನು ಹೇಳುವುದಿಲ್ಲ. ಖಾಲಾ ಶಾರ್ಜಾದಲ್ಲಿದ್ದರು. ಅಲ್ಲಿ ವಾಟ್ಸಾಪ್ ಕರೆ ಹೋಗುವುದಿಲ್ಲ, ಬೋಟಿಮ್‌ನಂಥ ಒಪ್ಪಿಗೆ ಪಡೆದ ಆಪ್ ಬೇಕು. ಅದನ್ನು ಮಾಮು ತಮ್ಮ ಫೋನಿಗೆ ಹಾಕಿ, ಕವರಿನಲ್ಲಿ ಸುತ್ತಿ ಒಳಗೆ ಕಳಿಸಿದ್ದರು. ಅಟೆಂಡರ್ ದಿನಕ್ಕೆ ಒಮ್ಮೆ, ಬಿಡುವಾದಾಗ, ಎರಡು ನಿಮಿಷ ಹಿಡಿಯುತ್ತಿದ್ದರು. ಅವರಿಗೆ ನೋಡಿಕೊಳ್ಳಲು ಇಪ್ಪತ್ತು ಹಾಸಿಗೆಗಳಿದ್ದವು, ಮೈ ತುಂಬ ಪಿಪಿಇ ಕಿಟ್. ಅಷ್ಟು ಮಾಡಿದ್ದಕ್ಕೇ ನಾವು ಅವರಿಗೆ ಋಣಿ. ಆದರೆ ಖಾಲಾಗೆ ಕಂಡದ್ದು ಸೀಲಿಂಗ್, ಡ್ರಿಪ್ ಸ್ಟ್ಯಾಂಡ್, ಅರ್ಧ ಮಾಸ್ಕ್. ಫೋನನ್ನು ಸ್ವಲ್ಪ ಎಡಕ್ಕೆ ಎಂದು ಹೇಳುವಷ್ಟರಲ್ಲಿ ಸಮಯ ಮುಗಿಯುತ್ತಿತ್ತು. ಒಂಬತ್ತನೇ ದಿನ ನಾನಾ ತೀರಿಕೊಂಡರು. ವಿಮಾನ ಇರಲಿಲ್ಲ. ಖಾಲಾ ಇಂದಿಗೂ ಹೇಳುವುದು ಬರಲಾಗಲಿಲ್ಲ ಎಂದಲ್ಲ, ಮುಖ ಪೂರ್ತಿ ಕಾಣಲಿಲ್ಲ ಎಂದು.

ಆ "ಸ್ವಲ್ಪ ಎಡಕ್ಕೆ" ಎಂಬುದನ್ನು ಖಾಲಾ ತಾವೇ ಮಾಡಿಕೊಳ್ಳಬಹುದಾಗಿದ್ದರೆ? ಟೆಲಿಪ್ರೆಸೆನ್ಸ್ ರೋಬೋಟ್ ಮಾರುವುದು ಆ ಒಂದು ತಿರುವನ್ನು. ಅದರ ಬೆಲೆ ಎಷ್ಟು ಎಂದು ನೋಡೋಣ.

ಲೆಕ್ಕದ ಪುಸ್ತಕ ತೆರೆಯೋಣ

2020ರಲ್ಲಿ ಮಿತ್ರನ ಬೆಲೆ ಸುಮಾರು 10 ಲಕ್ಷ ರೂಪಾಯಿ ಎಂದು ಸುದ್ದಿಯಲ್ಲಿ ಬಂದಿತ್ತು. ಇದೊಂದನ್ನು ಬಿಟ್ಟು ಕೆಳಗಿನ ಅಂಕಿಗಳೆಲ್ಲ ನಾನು ಲೆಕ್ಕ ಕಲಿಯಲು ಇಟ್ಟುಕೊಂಡವು. ನೀವು ಬೇರೆ ಅಂಕಿ ಹಾಕಿ ಮಾಡಿ ನೋಡಬಹುದು.

ಯಂತ್ರದ ಆಯಸ್ಸು 5 ವರ್ಷ, ಕೊನೆಗೆ ಗುಜರಿ ಬೆಲೆ 1 ಲಕ್ಷ ಎಂದುಕೊಳ್ಳೋಣ. ಸ್ಟ್ರೈಟ್ ಲೈನ್ ವಿಧಾನದಲ್ಲಿ ವರ್ಷದ ಸವಕಳಿ 9 ಲಕ್ಷ ಭಾಗಿಸು 5, ಅಂದರೆ 1,80,000. ರಿಪೇರಿ, ಕರೆಂಟ್, ಇಂಟರ್ನೆಟ್ ಸೇರಿ 60,000. ಒಟ್ಟು 2,40,000. ದಿನಕ್ಕೆ 8 ಭೇಟಿ, ವರ್ಷಕ್ಕೆ 300 ದಿನ ಎಂದರೆ 2,400 ಭೇಟಿ. ಒಂದು ಭೇಟಿಗೆ 100 ರೂಪಾಯಿ.

ಈಗ ಅದರ ಬದಲು ಚಕ್ರದ ಸ್ಟ್ಯಾಂಡಿನ ಮೇಲೆ ಒಂದು ಟ್ಯಾಬ್ಲೆಟ್. ಎರಡೂ ಸೇರಿ 27,000, ಆಯಸ್ಸು 3 ವರ್ಷ, ಗುಜರಿ ಬೆಲೆ ಸೊನ್ನೆ. ಸವಕಳಿ 9,000. ಇಂಟರ್ನೆಟ್, ರಿಪೇರಿ 11,000. ತಳ್ಳಿಕೊಂಡು ಹೋಗಲು ಒಬ್ಬರಿಗೆ ತಿಂಗಳಿಗೆ 15,000, ವರ್ಷಕ್ಕೆ 1,80,000. ಒಟ್ಟು 2,00,000. ಭೇಟಿಗೆ 83 ರೂಪಾಯಿ ಚಿಲ್ಲರೆ. ರೋಬೋಟ್ ಸೋತಿತು. ತಳ್ಳುವವರು ಮನೆಯವರೇ ಆದರೆ ಸಂಬಳವೇ ಇಲ್ಲ, ಭೇಟಿಗೆ 8 ರೂಪಾಯಿ 33 ಪೈಸೆ. ರೋಬೋಟ್ ಹತ್ತಿರವೂ ಬರುವುದಿಲ್ಲ.

ಆದರೆ ಎರಡು ಪಾಳಿ ನಡೆಸಿದರೆ ಚಿತ್ರ ಬದಲಾಗುತ್ತದೆ. ದಿನಕ್ಕೆ 16 ಭೇಟಿ, ವರ್ಷಕ್ಕೆ 4,800. ಯಂತ್ರಕ್ಕೆ ಎರಡನೇ ಪಾಳಿಯ ಸಂಬಳ ಕೊಡಬೇಕಿಲ್ಲ, ಖರ್ಚು ಅದೇ 2,40,000, ಭೇಟಿಗೆ 50. ಟ್ಯಾಬ್ಲೆಟ್‌ಗೆ ಇಬ್ಬರು ಬೇಕು, ಒಟ್ಟು 3,80,000, ಭೇಟಿಗೆ ಸುಮಾರು 79. ಈಗ ರೋಬೋಟ್ ಗೆದ್ದಿತು. ಸ್ಥಿರ ವೆಚ್ಚ ದೊಡ್ಡದಿರುವ ಯಾವುದೇ ಯಂತ್ರದ ಕತೆ ಇದೇ. ಸುಮ್ಮನೆ ನಿಂತರೆ ನಷ್ಟ, ಓಡುತ್ತಲೇ ಇದ್ದರೆ ಲಾಭ.

ಈ ಲೆಕ್ಕದಲ್ಲಿ ಎರಡು ವಿಷಯ ಕಾಣುವುದಿಲ್ಲ. ತಳ್ಳುವ ಆ ವ್ಯಕ್ತಿ ಟ್ಯಾಬ್ಲೆಟ್ ಮಾತ್ರ ತಳ್ಳುವುದಿಲ್ಲ, ದಿಂಬು ಸರಿ ಮಾಡುತ್ತಾರೆ, ನೀರು ಕೊಡುತ್ತಾರೆ, ನರ್ಸ್ ಕರೆಯುತ್ತಾರೆ. ಅದನ್ನು ರೋಬೋಟಿನ ಖಾತೆಯಲ್ಲಿ ಜಮಾ ಮಾಡಲಾಗುವುದಿಲ್ಲ. ಇನ್ನೊಂದು ಕಡೆ, ಆ ವ್ಯಕ್ತಿ ಪಕ್ಕದಲ್ಲಿ ನಿಂತಿರುವಾಗ ಗಂಡ ಹೆಂಡತಿ, ತಂದೆ ಮಗಳು ಮನಸ್ಸು ಬಿಚ್ಚಿ ಮಾತಾಡಲಾಗುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ನಮ್ಮ ದೇಶದಲ್ಲಿ ಸಂಬಳ ಉಳಿಸಲು ಈ ಯಂತ್ರ ತರುವುದು ತಪ್ಪು ಲೆಕ್ಕ. ಮನುಷ್ಯ ಒಳಗೆ ಹೋಗಬಾರದ, ಅಥವಾ ಮೂರನೆಯವರು ಪಕ್ಕದಲ್ಲಿ ಇರಬಾರದ ಜಾಗಕ್ಕೆ ಮಾತ್ರ ಇದು ತಕ್ಕದ್ದು.

ರಿಜಿಸ್ಟರಿನ ಪ್ರಶ್ನೆ

ನಾರ್ವೆಯ ಓಸ್ಲೋದಲ್ಲಿ 2015ರಲ್ಲಿ ಶುರುವಾದ ನೋ ಐಸೋಲೇಷನ್ ಎಂಬ ಕಂಪನಿ ಎವಿ1 ಎಂಬ ಪುಟ್ಟ ಯಂತ್ರ ಮಾಡಿದೆ. ದೀರ್ಘ ಕಾಯಿಲೆಯಿಂದ ಶಾಲೆಗೆ ಬರಲಾಗದ ಮಕ್ಕಳಿಗಾಗಿ. ಇದಕ್ಕೆ ಚಕ್ರ ಇಲ್ಲ. ಬೆಂಚಿನ ಮೇಲೆ, ಆ ಮಗುವಿನ ಜಾಗದಲ್ಲಿ ಕೂರುತ್ತದೆ. ಮಗು ಮನೆಯಿಂದ ಅದರ ತಲೆ ತಿರುಗಿಸಿ ಬೋರ್ಡ್ ನೋಡುತ್ತದೆ, ಕಿಟಕಿ ನೋಡುತ್ತದೆ, ಪಕ್ಕದ ಗೆಳೆಯನ ಕಡೆ ತಿರುಗಿ ಪಿಸುಗುಟ್ಟುತ್ತದೆ. ಕೈ ಎತ್ತಬೇಕಾದರೆ ಯಂತ್ರದ ತಲೆಯ ದೀಪ ಮಿನುಗುತ್ತದೆ. ನನಗೆ ಬಹಳ ಹಿಡಿಸಿದ ಸಂಗತಿ, ಇದರಲ್ಲಿ ಮಗುವಿನ ಮುಖ ತೋರಿಸುವ ಪರದೆಯೇ ಇಲ್ಲ. ಕೂದಲು ಉದುರಿದ, ಬಾಡಿದ ಮುಖವನ್ನು ಇಡೀ ತರಗತಿ ನೋಡುವುದು ಮಗುವಿಗೆ ಬೇಕಿಲ್ಲದಿರಬಹುದು ಎಂದು ಯೋಚಿಸಿ ಹಾಗೆ ಮಾಡಿದ್ದಾರೆ. ಎಷ್ಟು ಕಾಣಬೇಕು ಎಂಬುದೂ ದೂರದಲ್ಲಿರುವವರ ಹಕ್ಕು.

ಇಂಥದ್ದು ನಮ್ಮ ತರಗತಿಗೆ ಬಂದರೆ ರಿಜಿಸ್ಟರಿನಲ್ಲಿ ಏನು ಬರೆಯುತ್ತಾರೆ? ಪಿಯು ಪರೀಕ್ಷೆಗೆ ಕೂರಲು ಶೇ. 75 ಹಾಜರಿ ಬೇಕು. ನೂರು ದಿನ ಆಸ್ಪತ್ರೆಯಲ್ಲಿದ್ದು ನೂರು ದಿನವೂ ಯಂತ್ರದ ಮೂಲಕ ಪಾಠ ಕೇಳಿದ ಹುಡುಗಿ ಹಾಜರೋ ಅಲ್ಲವೋ? ಇದು ತಮಾಷೆಯ ಪ್ರಶ್ನೆ ಅಲ್ಲ, ಅವಳ ಒಂದು ವರ್ಷ ಇದರ ಮೇಲೆ ನಿಂತಿದೆ.

ನಮ್ಮ ಕಾಮರ್ಸ್ ವಿಷಯದಲ್ಲೇ ಇದಕ್ಕೆ ಒಂದು ದಾರಿ ಇದೆ. 2013ರ ಕಂಪನಿ ಕಾಯ್ದೆಯ 173ನೇ ಸೆಕ್ಷನ್ ಪ್ರಕಾರ ನಿರ್ದೇಶಕರು ಮಂಡಳಿ ಸಭೆಯಲ್ಲಿ ಖುದ್ದಾಗಿಯೂ ಭಾಗವಹಿಸಬಹುದು, ವಿಡಿಯೋ ಮೂಲಕವೂ ಭಾಗವಹಿಸಬಹುದು. 174ನೇ ಸೆಕ್ಷನ್ ಪ್ರಕಾರ ಹಾಗೆ ಬಂದವರನ್ನು ಕೋರಂಗೆ ಎಣಿಸುತ್ತಾರೆ. ಆದರೆ ಷರತ್ತು ಇದೆ. ಯಾರು ಭಾಗವಹಿಸಿದರು ಎಂದು ಗುರುತಿಸುವ, ಕಲಾಪವನ್ನು ದಿನಾಂಕ ಸಮಯದ ಜೊತೆ ದಾಖಲಿಸಿ ಇಡುವ ವ್ಯವಸ್ಥೆ ಬೇಕು. 2020ರಲ್ಲಿ ಶೇರುದಾರರ ಮಹಾಸಭೆಗೂ ಸರ್ಕಾರ ಇದನ್ನು ಒಪ್ಪಿತು. ಇನ್ಫೋಸಿಸ್ ಆ ಜೂನ್‌ನಲ್ಲಿ ತನ್ನ ವಾರ್ಷಿಕ ಮಹಾಸಭೆಯನ್ನು ಹಾಗೆಯೇ ನಡೆಸಿತು. ನ್ಯಾಯಾಲಯ ಇನ್ನೂ ಮುಂಚೆಯೇ ಈ ಹೆಜ್ಜೆ ಇಟ್ಟಿತ್ತು. 2003ರಲ್ಲಿ ಮಹಾರಾಷ್ಟ್ರ ಸರ್ಕಾರ ಮತ್ತು ಡಾ. ಪ್ರಫುಲ್ ದೇಸಾಯಿ ನಡುವಿನ ಪ್ರಕರಣದಲ್ಲಿ, ಅಮೆರಿಕದಲ್ಲಿದ್ದ ಸಾಕ್ಷಿಯೊಬ್ಬರ ಹೇಳಿಕೆಯನ್ನು ವಿಡಿಯೋ ಕಾನ್ಫರೆನ್ಸ್ ಮೂಲಕ ಪಡೆಯಬಹುದು, ಹಾಜರಿ ಎಂದರೆ ದೇಹದ ಹಾಜರಿಯೇ ಆಗಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು.

ಕೋಟಿಗಟ್ಟಲೆ ರೂಪಾಯಿಯ ನಿರ್ಧಾರಕ್ಕೆ, ಕ್ರಿಮಿನಲ್ ಕೇಸಿನ ಸಾಕ್ಷಿಗೆ ದೂರದ ಹಾಜರಿ ಸಾಕಾಗುವುದಾದರೆ ಕಾಯಿಲೆ ಬಿದ್ದ ವಿದ್ಯಾರ್ಥಿಗೆ ಯಾಕೆ ಸಾಕಾಗಬಾರದು? ಎದುರು ವಾದವೂ ಇದೆ. ಪ್ರಾಕ್ಟಿಕಲ್ ಇರುವ ವಿಷಯಕ್ಕೆ ಕೈ ಬೇಕು. ಕಾಯಿಲೆ ಇಲ್ಲದವರೂ ಹಾಸಿಗೆಯಿಂದಲೇ ಹಾಜರಿ ಹಾಕಿಸಿಕೊಳ್ಳಲು ನೋಡುತ್ತಾರೆ. (ಯಾರೆಂದು ಹೆಸರು ಹೇಳುವುದಿಲ್ಲ!) ಅದಕ್ಕೆ ವೈದ್ಯರ ಪ್ರಮಾಣಪತ್ರ ಎಂಬ ಹಳೆಯ ಔಷಧಿ ಇದ್ದೇ ಇದೆ.

ಇನ್ನು ಟೋಕಿಯೋದ ಒಂದು ಸಂಗತಿ. 2020ರ ಮಾರ್ಚ್ 28ರಂದು ಬಿಬಿಟಿ ವಿಶ್ವವಿದ್ಯಾಲಯದ ಪದವಿ ಪ್ರದಾನ ಸಮಾರಂಭಕ್ಕೆ ವಿದ್ಯಾರ್ಥಿಗಳ ಬದಲು ನ್ಯೂಮಿ ಎಂಬ ರೋಬೋಟ್‌ಗಳು ಬಂದವು. ಅವುಗಳಿಗೆ ಗೌನು, ಟೋಪಿ ಹಾಕಿಸಿದ್ದರು, ಪರದೆಯಲ್ಲಿ ವಿದ್ಯಾರ್ಥಿಯ ಮುಖ. ಒಂದೊಂದಾಗಿ ಉರುಳಿಕೊಂಡು ಹೋಗಿ ಪದವಿಪತ್ರ ಪಡೆದವು. ನೋಡಲು ನಗು ಬರುತ್ತದೆ. ಆದರೆ ತಾವೇ ನಡೆಸಿಕೊಂಡು ವೇದಿಕೆಯವರೆಗೆ ಹೋದ ಆ ವಿದ್ಯಾರ್ಥಿಗಳಿಗೆ ಅದು ನಗುವ ವಿಷಯ ಆಗಿರಲಿಕ್ಕಿಲ್ಲ.

ಮಂಚದಿಂದ ದುಡಿಮೆ

ಇಲ್ಲಿಯವರೆಗೆ ಭೇಟಿ ಮತ್ತು ಕಲಿಕೆಯ ಮಾತಾಯಿತು. ಜಪಾನಿನ ಕೆಂತಾರೊ ಯೋಶಿಫುಜಿ ದುಡಿಮೆಯ ಕಡೆ ಯೋಚಿಸಿದರು. ಬಾಲ್ಯದಲ್ಲಿ ಕಾಯಿಲೆಯಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಶಾಲೆಗೆ ಹೋಗಲಾಗದೆ ಉಳಿದವರು ಅವರು. ಅವರ ಓರಿ ಲ್ಯಾಬ್ ಮಾಡಿದ ಯಂತ್ರದ ಹೆಸರು ಓರಿಹಿಮೆ. ಮೇಜಿನ ಮೇಲೆ ಕೂರುವ ಸಣ್ಣದೊಂದು, ಟ್ರೇ ಹಿಡಿದು ಓಡಾಡುವ 120 ಸೆಂ.ಮೀ. ಎತ್ತರದ್ದೊಂದು. 2018ರ ನವೆಂಬರ್‌ನಲ್ಲಿ ಟೋಕಿಯೋದಲ್ಲಿ ಕೆಲವು ದಿನ ಪ್ರಯೋಗಕ್ಕೆಂದು ಒಂದು ಕೆಫೆ ತೆರೆದರು. 2021ರ ಜೂನ್‌ನಲ್ಲಿ ನಿಹೊಂಬಾಶಿ ಎಂಬಲ್ಲಿ ಅದು ಕಾಯಂ ಆಯಿತು, ಹೆಸರು ಡಾನ್. ಅಲ್ಲಿ ಆರ್ಡರ್ ಕೇಳುವುದು, ಕಾಫಿ ತಂದಿಡುವುದು, ಗಿರಾಕಿಯ ಜೊತೆ ಹರಟುವುದು ಎಲ್ಲ ಈ ಯಂತ್ರಗಳು. ಅವುಗಳ ಹಿಂದೆ ಇರುವವರು ಮನೆಯಿಂದ ಹೊರಗೆ ಬರಲಾಗದ ಅಂಗವಿಕಲರು, ದೀರ್ಘ ಕಾಯಿಲೆಯವರು. ಕೈಕಾಲು ಆಡದವರು ಕಣ್ಣಿನ ನೋಟದಿಂದಲೇ ಯಂತ್ರ ನಡೆಸುತ್ತಾರೆ. ಅವರನ್ನು ಪೈಲಟ್ ಎನ್ನುತ್ತಾರೆ. 2018ರ ಪ್ರಯೋಗದಲ್ಲಿ ಗಂಟೆಗೆ 1,000 ಯೆನ್ ಕೂಲಿ, ಅಂದರೆ ಅಲ್ಲಿ ಪಾರ್ಟ್‌ಟೈಮ್ ಕೆಲಸಕ್ಕೆ ಎಲ್ಲರಿಗೂ ಸಿಗುವಷ್ಟು.

ಇದನ್ನು ಓದುವಾಗ ನನಗೆ ನಮ್ಮ ರಾಜೀವನಗರದ ಮನೆಗಳೇ ನೆನಪಾದವು. ಇಲ್ಲಿ ಹೆಂಗಸರು ಮನೆಯಲ್ಲೇ ಕುಳಿತು ಬೀಡಿ ಕಟ್ಟುತ್ತಾರೆ, ಅಗರಬತ್ತಿ ಹೊಸೆಯುತ್ತಾರೆ, ಸಾವಿರಕ್ಕೆ ಇಷ್ಟು ಎಂದು ಕೂಲಿ. ಮನೆ ಬಿಟ್ಟು ಹೋಗಲಾಗದವರ ದುಡಿಮೆ ನಮಗೆ ಹೊಸದಲ್ಲ. ಆದರೆ ಆ ದುಡಿಮೆಯಲ್ಲಿ ಅವರ ಮುಖ, ಮಾತು ಯಾರಿಗೂ ಬೇಕಿಲ್ಲ, ಕೈ ಮಾತ್ರ ಸಾಕು. ಡಾನ್ ಕೆಫೆಯಲ್ಲಿ ಉಲ್ಟಾ. ಕೈ ಯಂತ್ರದ್ದು, ಕೂಲಿ ಸಿಗುವುದು ಮಾತಿಗೆ. ನಮ್ಮ ಬೀದಿಯ ಒಬ್ಬ ಆಂಟಿ ಬೀಡಿ ಕಟ್ಟುತ್ತಲೇ ಉರ್ದು, ಕನ್ನಡ, ತಮಿಳು ಮೂರರಲ್ಲೂ ವ್ಯಾಪಾರ ಕುದುರಿಸುತ್ತಾರೆ. ಅವರ ಮಾತಿಗೆ ಯಾರೂ ಇದುವರೆಗೆ ಕೂಲಿ ಕೊಟ್ಟಿಲ್ಲ. ಒಂದು ಶೋರೂಮಿನಲ್ಲಿ ಯಂತ್ರ ನಿಲ್ಲಿಸಿ ಅದರ ಹಿಂದೆ ಅವರನ್ನು ಕೂರಿಸಿದರೆ ಗಿರಾಕಿ ಬರಿಗೈಲಿ ಹೋಗುವುದು ಕಷ್ಟ.

ಇಲ್ಲಿ ಒಂದು ಎಚ್ಚರಿಕೆ ಬೇಕು. ದೂರದಿಂದ ಕೆಲಸ ಮಾಡಬಹುದಾದರೆ ಕಡಿಮೆ ಕೂಲಿಯ ಊರಿನವರನ್ನು ಹುಡುಕುವುದು ವ್ಯಾಪಾರಿಯ ಸ್ವಭಾವ. ಕೆಫೆ ಟೋಕಿಯೋದಲ್ಲಿ, ಪೈಲಟ್ ಮೈಸೂರಿನಲ್ಲಿ ಆದರೆ ಕೂಲಿ ಯಾವ ಊರಿನ ದರದಲ್ಲಿ? ಕನಿಷ್ಠ ವೇತನ ಯಾವ ಸರ್ಕಾರದ್ದು? ಕಾಲ್ ಸೆಂಟರ್‌ಗಳಲ್ಲಿ ಆದದ್ದು ಇಲ್ಲೂ ಆಗುತ್ತದೆ ಎಂದು ನನ್ನ ಅಂದಾಜು.

ಯಂತ್ರ ಹೇಳಬಾರದ ಮಾತು

2019ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಎಂಬ ಊರಿನ ಆಸ್ಪತ್ರೆಯಲ್ಲಿ ವಯಸ್ಸಾದ ರೋಗಿಯೊಬ್ಬರ ಕೋಣೆಗೆ ರಾತ್ರಿ ಒಂದು ಟೆಲಿಪ್ರೆಸೆನ್ಸ್ ಯಂತ್ರ ಬಂತು. ಪರದೆಯಲ್ಲಿ ಡಾಕ್ಟರ್. ಇನ್ನು ಹೆಚ್ಚು ದಿನ ಇಲ್ಲ ಎಂಬ ಮಾತನ್ನು ಅದರ ಮೂಲಕವೇ ಹೇಳಿದರು. ರೋಗಿಗೆ ಸರಿಯಾಗಿ ಕೇಳಿಸಲಿಲ್ಲ, ಪಕ್ಕದಲ್ಲಿದ್ದ ಮೊಮ್ಮಗಳು ಅದನ್ನು ಮತ್ತೆ ಹೇಳಬೇಕಾಯಿತು. ಆ ಸುದ್ದಿ ಪ್ರಪಂಚದಲ್ಲೆಲ್ಲ ಓಡಾಡಿತು, ಆಸ್ಪತ್ರೆ ವಿಷಾದ ಹೇಳಿತು. ನೋಯ್ಡಾದಲ್ಲಿ ಮಿತ್ರ ಮಾಡಿದ ಕೆಲಸಕ್ಕೂ ಇದಕ್ಕೂ ಯಂತ್ರದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಅಲ್ಲಿ ಬರಲಾಗದವರು ಯಂತ್ರದಲ್ಲಿ ಬಂದರು. ಇಲ್ಲಿ ಮನುಷ್ಯರೇ ಬಂದು ಹೇಳಬೇಕಾದ ಮಾತಿಗೆ ಯಂತ್ರ ಬಂತು.

ಎದುರು ಕಡೆಯವರ ನಡತೆಯ ಪ್ರಶ್ನೆಯೂ ಇದೆ. ಕ್ಯಾಲಿಫೋರ್ನಿಯಾದ ವಿಲೋ ಗ್ಯಾರೇಜ್ ಎಂಬ ಸಂಸ್ಥೆಯ ಎಂಜಿನಿಯರ್ ಒಬ್ಬರು ದೂರದ ಇಂಡಿಯಾನಾ ರಾಜ್ಯದಿಂದ ಕೆಲಸ ಮಾಡುತ್ತಿದ್ದರು. ಅವರಿಗಾಗಿ ಟೆಕ್ಸಾಯ್ ಎಂಬ ಯಂತ್ರವನ್ನು ಕಟ್ಟಿದರು. ಬೀಮ್ ಹುಟ್ಟಿದ್ದು ಇದರಿಂದಲೇ. ಅದನ್ನು ಅಧ್ಯಯನ ಮಾಡಿದವರು ಗಮನಿಸಿದ್ದು, ಯಂತ್ರದ ಮೇಲೆ ಕಾಲು ಚಾಚಿದರೆ, ಕೇಳದೆ ತಳ್ಳಿದರೆ, ಸದ್ದು ಜಾಸ್ತಿ ಎಂದು ವಾಲ್ಯೂಮ್ ತಿರುಗಿಸಿದರೆ ದೂರದಲ್ಲಿರುವವರಿಗೆ ತಮ್ಮ ಮೈಯನ್ನೇ ಮುಟ್ಟಿದಂತಾಗುತ್ತದೆ. ಯೋಚಿಸಿದರೆ ಸರಿ. ನನ್ನ ಎದುರಿಗಿರುವವರ ಬಾಯಿಗೆ ನಾನು ಕೈ ಹಾಕಿ ಧ್ವನಿ ಕಡಿಮೆ ಮಾಡುತ್ತೇನೆಯೇ?

ಮನೆಯೊಳಗೆ ಬಂದ ಕ್ಯಾಮೆರಾದ ಮಾತೂ ಬಿಡಲಾಗದು. ಚಲಿಸುವ ಕ್ಯಾಮೆರಾ ಹೆಂಗಸರ ಕಡೆಗೂ ಹೋಗಬಹುದು, ಅಡುಗೆ ಮನೆಗೂ ಹೋಗಬಹುದು. ಯಂತ್ರಕ್ಕೂ ನೆಂಟರ ನಿಯಮವೇ ಇರಬೇಕು: ಬಾಗಿಲಲ್ಲಿ ನಿಲ್ಲು, ಕೂಗು, ಕರೆದರೆ ಬಾ. ಚಿತ್ರ ಎಲ್ಲಿ ಉಳಿಯುತ್ತದೆ ಎಂಬುದು ಕಾನೂನಿನ ವಿಷಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು. ಅಂದರೆ ನಮ್ಮ ತರಗತಿಯಲ್ಲಿ ಯಂತ್ರ ಇಟ್ಟರೆ ಬೆಂಚಿನಲ್ಲಿ ಕುಳಿತ ನಮ್ಮೆಲ್ಲರ ಒಪ್ಪಿಗೆಯ ಪ್ರಶ್ನೆಯೂ ಬರುತ್ತದೆ.

ನಮ್ಮ ಮನೆಗಳಿಗೆ ಈ ಯಂತ್ರ ಸದ್ಯಕ್ಕೆ ಬರಲಾರದು. ಬೆಲೆ ಒಂದು ಕಾರಣ, ಹೊಸ್ತಿಲು ಇನ್ನೊಂದು. ಚಕ್ರ ಹೊಸ್ತಿಲು ದಾಟುವುದಿಲ್ಲ, ಬಾಗಿಲಲ್ಲಿ ಬಿಟ್ಟ ಹದಿನಾಲ್ಕು ಜೊತೆ ಚಪ್ಪಲಿಯನ್ನಂತೂ ದಾಟುವುದೇ ಇಲ್ಲ. ಆದರೆ ನೋಡುವವರ ಕೈಗೆ ನೋಟ ಕೊಡುವುದಕ್ಕೆ ಹತ್ತು ಲಕ್ಷ ಬೇಕಿಲ್ಲ. ಮುಂದಿನ ಶಾದಿಗೋ ಅಖೀಕಾಗೋ ಬರಲಾಗದ ಹಿರಿಯರು ಮನೆಯಲ್ಲಿದ್ದರೆ ಹೀಗೆ ಮಾಡಿ ನೋಡಿ. ಫೋನನ್ನು ಕೈಯಿಂದ ಕೈಗೆ ಕೊಡಬೇಡಿ, ಸ್ಟ್ಯಾಂಡಿಗೆ ಹಾಕಿ ಕುರ್ಚಿಯ ಮೇಲೆ, ಕುಳಿತವರ ಕಣ್ಣಿನ ಎತ್ತರಕ್ಕೆ ಇಡಿ. ಅದು ಅವರ ಕುರ್ಚಿ, ಬೇರೆ ಯಾರೂ ಕೂರುವಂತಿಲ್ಲ. ಜವಾಬ್ದಾರಿ ಇರುವ ಒಂದು ಮಗುವನ್ನು ಪಕ್ಕದಲ್ಲಿ ಕೂರಿಸಿ, ಕಿವಿಗೆ ಒಂದು ಇಯರ್‌ಫೋನ್ ಕೊಡಿ. ಆ ಕಡೆಯಿಂದ ಎಡಕ್ಕೆ ಎಂದರೆ ಎಡಕ್ಕೆ, ದುಲ್ಹನ್ ಹತ್ತಿರ ಎಂದರೆ ಕುರ್ಚಿ ಸಮೇತ ದುಲ್ಹನ್ ಹತ್ತಿರ. ಎಷ್ಟು ಹೊತ್ತು ಎಂದು ಮಗು ತೀರ್ಮಾನಿಸಬಾರದು, ಅಲ್ಲಿಂದ ಸಾಕು ಎನ್ನುವವರೆಗೆ. ಚಾರ್ಜರ್ ಮತ್ತು ಉದ್ದದ ಎಕ್ಸ್‌ಟೆನ್ಷನ್ ಬಾಕ್ಸ್ ಮನೆಯಿಂದಲೇ ತೆಗೆದುಕೊಂಡು ಹೋಗಿ, ಮಹಲ್‌ನಲ್ಲಿರುವ ಪ್ಲಗ್‌ಗಳೆಲ್ಲ ಡೆಕೊರೇಷನ್‌ನವರ ದೀಪಕ್ಕೆ ಹೋಗಿರುತ್ತವೆ.